ಟೆಸ್ಟ್ ಎಲ್ಲ ಪಾಸ್, ಸರ್ವರ್ ಮಾತ್ರ ಬಿತ್ತು: ಪೈಟೆಸ್ಟ್ ವಾರ್ನಿಂಗ್ ಮುಚ್ಚಿಡಬೇಡಿ

ಪುಣೆಯಲ್ಲಿ ಪೈಥಾನ್ ಕೆಲಸ ಮಾಡುವ ಕನ್ನಡಿಗರೇ, ನಿಮ್ಮ ಪ್ರಾಜೆಕ್ಟಿನ ‘ಪೈಟೆಸ್ಟ್.ಐಎನ್‌ಐ’ ಫೈಲನ್ನು (ಟೆಸ್ಟ್ ಓಡಿಸುವ ಪೈಟೆಸ್ಟ್ ಟೂಲಿನ ಸೆಟ್ಟಿಂಗ್ಸ್ ಇರುವ ಫೈಲು) ಇವತ್ತೇ ತೆರೆದು ನೋಡಿ. ಹಿಂಜೆವಾಡಿಯ ಒಂದು ಕಂಪನಿಯಲ್ಲಿ ಟೆಸ್ಟುಗಳೆಲ್ಲ ಪಾಸಾಗಿ ಶುಕ್ರವಾರ ಸಂಜೆ ಡಿಪ್ಲಾಯ್ ಆದ ಸರ್ವಿಸ್, ಮೊದಲ ರಿಕ್ವೆಸ್ಟಿಗೇ ಆಟ್ರಿಬ್ಯೂಟ್‌ಎರರ್ (ಇಲ್ಲದ ಹೆಸರನ್ನು ಕೇಳಿದಾಗ ಬರುವ ದೋಷ) ಕೊಟ್ಟು ಬಿತ್ತು. ಅಷ್ಟೊತ್ತಿಗೆ ಅರ್ಧ ಟೀಮು ಬೆಳಗಾವಿ, ಹುಬ್ಬಳ್ಳಿ ಬಸ್ಸು ಹತ್ತಿಯಾಗಿತ್ತು.

ಕೆಡಿಸಿದ್ದು ಲೆಕ್ಕಾಚಾರದ ಲೈಬ್ರರಿ ನಂಪೈನ ‘ಎನ್‌ಪಿ.ಫ್ಲೋಟ್’ ಎಂಬ ಹಳೆಯ ಹೆಸರು. ನಂಪೈ 1.20ರಿಂದಲೇ ಅದಕ್ಕೆ ಡೆಪ್ರಿಕೇಶನ್‌ವಾರ್ನಿಂಗ್ (ಇದನ್ನು ಮುಂದೆ ತೆಗೆಯುತ್ತೇವೆ ಎಂಬ ಎಚ್ಚರಿಕೆ) ಬರುತ್ತಿತ್ತು, 1.24ರಲ್ಲಿ ತೆಗೆದೇ ಹಾಕಿದರು. ಟೆಸ್ಟ್ ಓಡುವ ಇಮೇಜಿನಲ್ಲಿ (ಕೋಡು, ಲೈಬ್ರರಿಗಳನ್ನು ಒಟ್ಟಿಗೆ ಕಟ್ಟಿದ ಪ್ಯಾಕೇಜು) 1.23 ಇತ್ತು, ಹೊಸದಾಗಿ ಬಿಲ್ಡ್ ಆದ ಪ್ರೊಡಕ್ಷನ್ ಇಮೇಜಿಗೆ 1.24 ಬಂತು. ವರ್ಷನ್ ಪಿನ್ ಮಾಡದ್ದು, ಅಂದರೆ ಇಂಥದ್ದೇ ವರ್ಷನ್ ಬೇಕೆಂದು ಬರೆದಿಡದ್ದು ತಪ್ಪೇ, ಆದರೆ ವಾರ್ನಿಂಗ್ ಕಣ್ಣಿಗೆ ಬಿದ್ದಿದ್ದರೆ ಮಾತು ಅಲ್ಲಿಗೆ ಹೋಗುತ್ತಿರಲಿಲ್ಲ.

ಮುಖ್ಯ ಸ್ಕ್ರಿಪ್ಟ್ ಬಿಟ್ಟು ಬೇರೆ ಮಾಡ್ಯೂಲಿನಲ್ಲಿ ಬರುವ ಡೆಪ್ರಿಕೇಶನ್‌ವಾರ್ನಿಂಗನ್ನು ಪೈಥಾನ್ ತಾನಾಗಿ ತೋರಿಸುವುದಿಲ್ಲ. ಹಾಗಾಗಿ ಸರ್ವರ್ ಲಾಗ್ ಖಾಲಿ. ಪೈಟೆಸ್ಟ್ 3.8ರಿಂದ ಈಚೆಗೆ ಕೊನೆಯಲ್ಲಿ ಪಟ್ಟಿ ಮಾಡಿ ತೋರಿಸುತ್ತದೆ. ಅದನ್ನೂ ಯಾರೋ ‘--ಡಿಸೇಬಲ್-ವಾರ್ನಿಂಗ್ಸ್’ ಹಾಕಿ ಮುಚ್ಚಿದ್ದರು.

ಆಮೇಲೆ ಆದದ್ದು ಇನ್ನೂ ಅಪಾಯಕಾರಿ. ಪೈಟೆಸ್ಟ್.ಐಎನ್‌ಐ ಫೈಲಿನಲ್ಲಿ ಯಾವ ವಾರ್ನಿಂಗಿಗೆ ಏನು ಮಾಡಬೇಕೆಂದು ಹೇಳುವ ‘ಫಿಲ್ಟರ್‌ವಾರ್ನಿಂಗ್ಸ್’ ಅಡಿಯಲ್ಲಿ, ವಾರ್ನಿಂಗ್ ಬಂದರೆ ಟೆಸ್ಟ್ ಬೀಳಲಿ ಎಂದು ಮೊದಲ ಸಾಲಿಗೆ ‘ಎರರ್’ ಸೇರಿಸಿದರು, ಟೆಸ್ಟ್ ಆಗಲೂ ಪಾಸ್! ಕೆಳಗೆ ಹಳೆಯ ‘ಇಗ್ನೋರ್::ಡೆಪ್ರಿಕೇಶನ್‌ವಾರ್ನಿಂಗ್’ ಸಾಲು ಹಾಗೇ ಉಳಿದಿತ್ತು. ಹೊಂದುವ ಸಾಲುಗಳಲ್ಲಿ ಕೊನೆಯದೇ ಗೆಲ್ಲುತ್ತದೆ. ಮೇಲೆ ‘ಎರರ್’, ಅದರ ಕೆಳಗೆ ನಿಜಕ್ಕೂ ಬೇಕಾದ ವಿನಾಯಿತಿಗಳು ಮಾತ್ರ ಇರಲಿ. ಆ ವಿನಾಯಿತಿಗೂ ಮೆಸೇಜಿನ ಆರಂಭದ ಪದಗಳನ್ನು ಬರೆಯಿರಿ, ಇಡೀ ವರ್ಗವನ್ನೇ ಬಾಯಿ ಮುಚ್ಚಿಸಬೇಡಿ.

ಆ ‘ಇಗ್ನೋರ್’ ಸಾಲು ತೆಗೆದರೂ, ಬೀಳಬೇಕಿದ್ದ ಒಂದು ಟೆಸ್ಟ್ ಮಾತ್ರ ಬೀಳಲೇ ಇಲ್ಲ. ಎರರ್ ಆಗಿ ಬದಲಾದ ವಾರ್ನಿಂಗ್ ಕೂಡ ಎಕ್ಸೆಪ್ಶನ್ನೇ, ಕೋಡಿನಲ್ಲಿದ್ದ, ಬಹುತೇಕ ಎಲ್ಲ ದೋಷಗಳನ್ನೂ ಹಿಡಿಯುವ ‘ಎಕ್ಸೆಪ್ಟ್ ಎಕ್ಸೆಪ್ಶನ್’ ಅದನ್ನು ನುಂಗಿಬಿಟ್ಟಿತ್ತು. ಇಂಥ ಜಾಗಗಳನ್ನು ಹುಡುಕಿ, ಯಾವ ಎಕ್ಸೆಪ್ಶನ್ ಹಿಡಿಯಬೇಕೋ ಅದರ ಹೆಸರನ್ನೇ ಬರೆಯಿರಿ.

ನಿಮ್ಮ ಕೋಡಿನ ಸ್ಥಿತಿ ತಿಳಿಯಲು ‘ಪೈಟೆಸ್ಟ್ -ಡಬ್ಲ್ಯೂ ಎರರ್::ಡೆಪ್ರಿಕೇಶನ್‌ವಾರ್ನಿಂಗ್’ ಓಡಿಸಿ. ಕಮಾಂಡಿನಲ್ಲಿ ಕೊಟ್ಟದ್ದು ಫೈಲಿನ ಸಾಲುಗಳನ್ನು ಮೀರಿಸುತ್ತದೆ. ‘-ಪಿ ನೋ:ವಾರ್ನಿಂಗ್ಸ್’ ಎಲ್ಲಾದರೂ ಕಂಡರೆ ಮೊದಲು ಕಿತ್ತುಹಾಕಿ, ಅದಿದ್ದರೆ ಫೈಲಿನ ಫಿಲ್ಟರ್‌ಗಳು ಕೆಲಸವೇ ಮಾಡುವುದಿಲ್ಲ. ಪೈಟೆಸ್ಟ್ ಬದಲು ಪೈಥಾನ್ ಜೊತೆಗೇ ಬರುವ ಯೂನಿಟ್‌ಟೆಸ್ಟ್ ಬಳಸುವವರಿಗೆ ‘ಪೈಥಾನ್ -ಡಬ್ಲ್ಯೂ ಎರರ್ -ಎಂ ಯೂನಿಟ್‌ಟೆಸ್ಟ್’ ಸಾಕು.