ಕ್ಯಾಂಪಿಂಗ್‌ಗೆ ಯಾವ ಸೋಲಾರ್? ಮೂರನ್ನೂ ಬಿಸಿಲಿಗಿಟ್ಟು ನೋಡಿದೆ

ಪ್ಯಾನೆಲ್ ಎಷ್ಟು ವ್ಯಾಟ್‌ದು ಅಂತ ಕೇಳುವ ಮೊದಲು, ದಿನಕ್ಕೆ ನಮಗೆಷ್ಟು ಬೇಕು ಅಂತ ಲೆಕ್ಕ ಹಾಕಬೇಕು. 5,000 ಎಂಎಎಚ್ ಫೋನಿನ ಬ್ಯಾಟರಿಯಲ್ಲಿ ಸುಮಾರು 19 ವ್ಯಾಟ್-ಅವರ್ (ಒಂದು ವ್ಯಾಟ್ ಒಂದು ಗಂಟೆ ಹರಿದರೆ ಒಂದು ವ್ಯಾಟ್-ಅವರ್) ಹಿಡಿಯುತ್ತದೆ. ಚಾರ್ಜ್ ಆಗುವಾಗ ಸೋರುವುದನ್ನೂ ಸೇರಿಸಿದರೆ 25. ನಾವು ಸಾಮಾನ್ಯವಾಗಿ ನಾಲ್ಕು ಜನ ಹೋಗುತ್ತೇವೆ. ಫೋನು ಏರೋಪ್ಲೇನ್ ಮೋಡ್‌ನಲ್ಲಿದ್ದರೆ ಎರಡು ದಿನಕ್ಕೊಮ್ಮೆ ಚಾರ್ಜ್ ಮಾಡಿದರೆ ಸಾಕು, ಅಂದರೆ ದಿನಕ್ಕೆ ಎರಡು ಫೋನು. ಹೆಡ್‌ಲ್ಯಾಂಪ್, ಟೆಂಟಿನ ದೀಪ ಎಲ್ಲ ಸೇರಿ ದಿನಕ್ಕೆ 60ರಿಂದ 70 ವ್ಯಾಟ್-ಅವರ್ ಬೇಕು. ಶರಾವತಿ ಹಿನ್ನೀರಿನ ದಂಡೆ, ಸಂಡೂರಿನ ಕಡೆ, ಮೂಡಿಗೆರೆಯ ಒಂದು ಕಾಫಿ ತೋಟ ಹೀಗೆ ಬೇರೆ ಬೇರೆ ಕಡೆ ಮೂರು ಬಗೆಯ ಸೋಲಾರ್ ಬಳಸಿ ನೋಡಿದ್ದೇನೆ. ಇಷ್ಟನ್ನು ಯಾವುದು ಕೊಡುತ್ತದೆ ಅನ್ನುವುದೇ ನನ್ನ ಪರೀಕ್ಷೆ.

ಮೊದಲನೆಯದು, ಬೆನ್ನಿಗೇ ಪುಟ್ಟ ಪ್ಯಾನೆಲ್ ಅಂಟಿಸಿದ ಪವರ್ ಬ್ಯಾಂಕ್. ಅಂಗಡಿಯಲ್ಲಿ ನೋಡಿದರೆ ಇದೇ ಸಾಕು ಅನಿಸುತ್ತದೆ. ಲೆಕ್ಕ ಬೇರೆಯೇ ಹೇಳುತ್ತದೆ. ಪ್ಯಾನೆಲ್ ಅಳತೆ ಸುಮಾರು 14 ಸೆಂ.ಮೀ. ಉದ್ದ, 7 ಸೆಂ.ಮೀ. ಅಗಲ. ನಡು ಮಧ್ಯಾಹ್ನದ ಬಿಸಿಲು ಒಂದು ಚದರ ಮೀಟರಿಗೆ 1,000 ವ್ಯಾಟ್ ಅಂತ ಹಿಡಿದರೂ ಇದರ ಮೇಲೆ ಬೀಳುವುದು 10 ವ್ಯಾಟ್ ಬೆಳಕು. ಅದರಲ್ಲಿ ಐದನೇ ಒಂದು ಪಾಲು ಕರೆಂಟಾದರೆ 2 ವ್ಯಾಟ್. 20,000 ಎಂಎಎಚ್ ಅಂದರೆ 74 ವ್ಯಾಟ್-ಅವರ್. ಒಂದಿಷ್ಟೂ ಸೋರದಿದ್ದರೂ ತುಂಬಲು 37 ಗಂಟೆ ಸುಡುಬಿಸಿಲು ಬೇಕು, ಅಂದರೆ ಒಂದು ವಾರ. ಸಂಡೂರಿನ ಬಿಸಿಲಿನಲ್ಲಿ ಬೆಳಗಿನಿಂದ ಸಂಜೆವರೆಗೆ ಇಟ್ಟಾಗ ಸಿಕ್ಕಿದ್ದು ಒಂದು ಫೋನಿನ ಮೂರನೇ ಒಂದು ಭಾಗ. ಇನ್ನೊಂದು ತೊಂದರೆ ಇದಕ್ಕಿಂತ ಜಾಸ್ತಿ. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿಗಿಂತ ಮೇಲೆ ಚಾರ್ಜ್ ಮಾಡುವುದು ಒಳ್ಳೆಯದಲ್ಲ. ಇಲ್ಲಿ ಬ್ಯಾಟರಿಯೇ ಬಿಸಿಲಲ್ಲಿ ಕೂತಿರಬೇಕು. ಕಪ್ಪು ಮೈ ಮುಟ್ಟಿದರೆ ಚುರುಕ್ ಅನ್ನುತ್ತದೆ. ದಯವಿಟ್ಟು ಇದಕ್ಕೆ ದುಡ್ಡು ಹಾಕಬೇಡಿ.

ಎರಡನೆಯದು ಮಡಚುವ 28 ವ್ಯಾಟ್ ಯುಎಸ್‌ಬಿ ಪ್ಯಾನೆಲ್, ಜೊತೆಗೆ ಸಾದಾ ಪವರ್ ಬ್ಯಾಂಕ್. ತೂಕ ಮುಕ್ಕಾಲು ಕೆ.ಜಿ.ಯೊಳಗೆ. ಬ್ಯಾಗಿನ ಮೇಲೆ ಕಟ್ಟಿಕೊಂಡು ನಡೆಯಬಹುದು. ಯುಎಸ್‌ಬಿ ಮೀಟರ್ ಹಾಕಿ ನೋಡಿದಾಗ ಮಧ್ಯಾಹ್ನ 18 ವ್ಯಾಟ್‌ವರೆಗೆ ಬಂತು, ದಿನದ ಸರಾಸರಿ 12ರ ಆಸುಪಾಸು. 28 ಬರಲಿಲ್ಲ ಅಂತ ಬೇಸರ ಬೇಡ. ಆ ಅಂಕಿ ಪ್ಯಾನೆಲ್ 25 ಡಿಗ್ರಿ ತಣ್ಣಗಿದ್ದಾಗಿನದು. ನಮ್ಮ ಬಿಸಿಲಿನಲ್ಲಿ ಅದು 55-60 ಡಿಗ್ರಿ ಮುಟ್ಟುತ್ತದೆ.

ಇದರಲ್ಲಿ ಯಾರೂ ಹೇಳದ ಒಂದು ವಿಷಯವಿದೆ. ಇಂಥ ಪ್ಯಾನೆಲ್‌ಗೆ ಎರಡು ಮೂರು ಯುಎಸ್‌ಬಿ ಬಾಯಿ ಇರುತ್ತವೆ, ಒಂದೊಂದು ಬಾಯಿಗೂ ಒಂದು ಮಿತಿ ಇರುತ್ತದೆ. 5 ವೋಲ್ಟ್, 2.4 ಆಂಪಿಯರ್ ಅಂದರೆ 12 ವ್ಯಾಟ್ ಅಷ್ಟೇ. ಒಂದೇ ದೊಡ್ಡ ಪವರ್ ಬ್ಯಾಂಕ್ ಚುಚ್ಚಿದರೆ ಒಳ್ಳೆಯ ಬಿಸಿಲಿನ ಹೊತ್ತಲ್ಲೂ ಉಳಿದದ್ದು ವ್ಯರ್ಥ. ಅದಕ್ಕೇ ಒಂದು 20,000ದ ಬದಲು ಎರಡು 10,000ದ ಪವರ್ ಬ್ಯಾಂಕ್ ತೆಗೆದುಕೊಳ್ಳಿ. ನನ್ನ 18 ವ್ಯಾಟ್ ಬಂದಿದ್ದೂ ಎರಡನ್ನೂ ಚುಚ್ಚಿದಾಗಲೇ. ಗುಂಪು ಎರಡು ದಿಕ್ಕಿಗೆ ಹೋದರೆ ಹಂಚಿಕೊಳ್ಳಲೂ ಸುಲಭ.

ಫೋನನ್ನು ನೇರವಾಗಿ ಪ್ಯಾನೆಲ್‌ಗೆ ಹಾಕುವುದು ಬೇಡ. ಒಂದು ಮೋಡ ಹಾದುಹೋದರೆ ಸಾಕು, ವೋಲ್ಟೇಜ್ ಬಿದ್ದು ಚಾರ್ಜಿಂಗ್ ನಿಲ್ಲುತ್ತದೆ. ಕೆಲವು ಫೋನು ಮತ್ತೆ ಶುರುವಾದರೂ ನಿಧಾನಗತಿಯಲ್ಲೇ ಉಳಿಯುತ್ತವೆ. ಪವರ್ ಬ್ಯಾಂಕ್‌ಗೆ ತುಂಬಿಸಿ, ರಾತ್ರಿ ಅದರಿಂದ ಫೋನಿಗೆ ಹಾಕಿ. ಹಗಲಲ್ಲಿ ಪವರ್ ಬ್ಯಾಂಕ್ ನೆರಳಲ್ಲಿರಲಿ.

ಮೂರನೆಯದು ಗಾಜಿನ 40 ವ್ಯಾಟ್ ಪ್ಯಾನೆಲ್, ಅದರಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹದ್ದಿನಲ್ಲಿಡುವ ಚಾರ್ಜ್ ಕಂಟ್ರೋಲರ್, 12 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಇದರಲ್ಲಿ 150 ವ್ಯಾಟ್-ಅವರ್ ಹಿಡಿಯುತ್ತದೆ. ಒಂದು ದಿನ ಮೋಡವಿದ್ದರೂ ನಾಲ್ಕು ಜನಕ್ಕೆ ಚಿಂತೆಯಿಲ್ಲ. 12 ವೋಲ್ಟಿನ ದೀಪ, ಪುಟ್ಟ ಫ್ಯಾನು ನೇರವಾಗಿ ಓಡುತ್ತವೆ. ಮೋಡ ಬಂದುಹೋದರೂ ಚಾರ್ಜಿಂಗ್ ತಾನಾಗಿ ಮುಂದುವರಿಯುತ್ತದೆ. ಆದರೆ ಎಲ್ಲ ಸೇರಿ ಐದಾರು ಕೆ.ಜಿ., ಕಾರಿಲ್ಲದೆ ಆಗದ ಮಾತು.

ಕಂಟ್ರೋಲರ್‌ನಲ್ಲಿ ಎರಡು ಜಾತಿ. ಅಗ್ಗದ ಪಿಡಬ್ಲ್ಯುಎಂ ಪ್ಯಾನೆಲ್ಲನ್ನು ಬ್ಯಾಟರಿಯ ವೋಲ್ಟೇಜಿಗೆ ಎಳೆದುಬಿಡುತ್ತದೆ. 18 ವೋಲ್ಟ್, 2.2 ಆಂಪಿಯರ್ ಪ್ಯಾನೆಲ್‌ನಿಂದ 13 ವೋಲ್ಟಿನಲ್ಲಿ ಸಿಗುವುದು 29 ವ್ಯಾಟ್ ಅಷ್ಟೇ. ಎಂಪಿಪಿಟಿ ಈ ನಷ್ಟವನ್ನು ಬಹಳಮಟ್ಟಿಗೆ ತಪ್ಪಿಸುತ್ತದೆ, ಬೆಲೆಯೂ ಜಾಸ್ತಿ. ಇಷ್ಟು ಚಿಕ್ಕ ಪ್ಯಾನೆಲ್‌ಗೆ ಅದು ಬೇಡ, ಆ ದುಡ್ಡಲ್ಲಿ ಇನ್ನೂ ದೊಡ್ಡ ಪ್ಯಾನೆಲ್ ತೆಗೆದುಕೊಳ್ಳುವುದು ಮೇಲು. ಯುಪಿಎಸ್‌ನ 7 ಆಂಪಿಯರ್-ಅವರ್ ಲೆಡ್ ಆಸಿಡ್ ಬ್ಯಾಟರಿಯೂ ಬೇಡ. ಎರಡು ಕೆ.ಜಿ. ಮೀರಿದ ತೂಕ ಹೊತ್ತರೂ, ಬಾಳಿಕೆ ಬರಬೇಕೆಂದರೆ ಅದರ ಅರ್ಧದಷ್ಟೇ ಬಳಸಬೇಕು. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಪ್ಲಸ್ ವೈರಿಗೆ ಬ್ಯಾಟರಿ ಪಕ್ಕದಲ್ಲೇ ಒಂದು ಫ್ಯೂಸ್ ಇರಲೇಬೇಕು.

ಮೂಡಿಗೆರೆಯ ತೋಟದಲ್ಲಿ ಎರಡರ ಗುಣವೂ ಚೆನ್ನಾಗಿ ಗೊತ್ತಾಯಿತು. ಸಿಲ್ವರ್ ಓಕ್ ನೆರಳು ಪ್ಯಾನೆಲ್‌ನ ಒಂದು ಮೂಲೆಗೆ ಬಿದ್ದರೂ ಕರೆಂಟು ಅರ್ಧಕ್ಕಿಂತ ಕೆಳಗೆ ಇಳಿಯಿತು. ಒಳಗಿನ ಸೆಲ್‌ಗಳೆಲ್ಲ ಸಾಲಾಗಿ ಜೋಡಿಸಿದವು, ಒಂದು ಸೊರಗಿದರೆ ಎಲ್ಲವೂ ಸೊರಗುತ್ತವೆ. 40 ವ್ಯಾಟ್‌ದಕ್ಕೆ ಉದ್ದ ವೈರು ಎಳೆದು ಪ್ಯಾನೆಲ್ಲನ್ನು ಬಯಲಲ್ಲಿಟ್ಟೆವು, ಟೆಂಟು ನೆರಳಲ್ಲೇ ಉಳಿಯಿತು. ಯುಎಸ್‌ಬಿ ವೈರನ್ನು ಅಷ್ಟು ಉದ್ದ ಎಳೆದರೆ 5 ವೋಲ್ಟು ದಾರಿಯಲ್ಲೇ ಇಳಿದುಹೋಗುತ್ತದೆ. ಅಲ್ಲಿ ಮಡಚುವ ಪ್ಯಾನೆಲ್ಲನ್ನು ಪವರ್ ಬ್ಯಾಂಕ್ ಸಮೇತ ಗಂಟೆಗೊಮ್ಮೆ ಎತ್ತಿ ಬಿಸಿಲಿಗೆ ಇಡುತ್ತಾ ಇರಬೇಕಾಯಿತು.

ಪ್ಯಾನೆಲ್ ಇಡುವ ಓರೆಯೂ ಮುಖ್ಯ. ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ, ಆಗ ನೆಲಕ್ಕೆ ಮಲಗಿಸಿದರೆ ಸರಿ. ಡಿಸೆಂಬರ್‌ನಲ್ಲಿ ಅವನು ದಕ್ಷಿಣಕ್ಕೆ 36 ಡಿಗ್ರಿಯಷ್ಟು ವಾಲಿರುತ್ತಾನೆ, ಪ್ಯಾನೆಲ್ಲನ್ನೂ ಅಷ್ಟೇ ದಕ್ಷಿಣಕ್ಕೆ ಓರೆ ಮಾಡಿ.

ಈಗ ನಡೆದು ಹೋಗುವಾಗ ಮಡಚುವ ಪ್ಯಾನೆಲ್ ನನ್ನ ಜೊತೆ ಬರುತ್ತದೆ. ಕಾರಲ್ಲಿ ಹೋಗಿ ಒಂದೇ ಕಡೆ ಮೂರು ನಾಲ್ಕು ದಿನ ಇರುವುದಾದರೆ 40 ವ್ಯಾಟ್‌ದು. ಬರೀ ಎರಡು ರಾತ್ರಿಗಾದರೆ ಸೋಲಾರೇ ಬೇಡ, ಮನೆಯಲ್ಲಿ ತುಂಬಿಸಿಕೊಂಡ ಎರಡು ಪವರ್ ಬ್ಯಾಂಕ್ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿಗೆ ಹೊರಟರೂ ಅಷ್ಟೇ: ಪವರ್ ಬ್ಯಾಂಕ್‌ಗಳು, ಮತ್ತು ದಾರಿಯಲ್ಲಿ ಅವನ್ನು ತುಂಬಿಸಲು ಕಾರಿನ 12 ವೋಲ್ಟ್ ಸಾಕೆಟ್ಟಿಗೆ ಒಂದು ಚಾರ್ಜರ್.