ಲಾನ್‌ನಲ್ಲಿ ತಗ್ಗು: ಮೇಲೆ ಮಣ್ಣು ಹಾಕೋದಾ, ಹುಲ್ಲು ಎತ್ತೋದಾ?

ಮಳೆ ನಿಂತ ಮೇಲೂ ಲಾನ್‌ನ ಒಂದೇ ಕಡೆ ನೀರು ನಿಲ್ಲುತ್ತಿದೆಯಾ? ತಗ್ಗಿಗೆ ಅಡ್ಡಲಾಗಿ ನೇರ ಕೋಲು ಇಟ್ಟು ಆಳ ಅಳೆಯಿರಿ.

2–3 ಸೆಂ.ಮೀ. ಒಳಗಿದ್ದರೆ ಮೇಲೆ ಮಣ್ಣು ಹಾಕಿದರೆ ಸಾಕು. ಜರಡಿ ಹಿಡಿದ ಕೆಮ್ಮಣ್ಣು, ಮರಳು, ಹಳೇ ಗೊಬ್ಬರ ಬೆರೆಸಿ, ಸಲಕ್ಕೆ 1 ಸೆಂ.ಮೀ. ಮಾತ್ರ ಹರಡಿ. ಹುಲ್ಲಿನ ತುದಿ ಕಾಣುತ್ತಿರಬೇಕು, ಪೂರ್ತಿ ಮುಚ್ಚಿದರೆ ಸಾಯುತ್ತದೆ. ಖರ್ಚು ಕಡಿಮೆ, ತಾಳ್ಮೆ ಜಾಸ್ತಿ ಬೇಕು.

ಅದಕ್ಕಿಂತ ಆಳವಿದ್ದರೆ ಹುಲ್ಲು ಎತ್ತುವುದೇ ಸರಿ. ಸಲಿಕೆಯಿಂದ ಬೇರು ಸಮೇತ ಬಿಡಿಸಿ ಚಾಪೆಯ ಹಾಗೆ ಸುತ್ತಿಡಿ. ಮಣ್ಣು ತುಂಬಿ, ತುಳಿದು, ವಾಪಸ್ ಹಾಸಿ. ಮಣ್ಣು ಕೂರುತ್ತದೆ ಅಲ್ವಾ, ಸುತ್ತಲಿನ ಲಾನ್‌ಗಿಂತ 1 ಸೆಂ.ಮೀ. ಎತ್ತರವೇ ಇರಲಿ. ಎರಡು ವಾರ ನೀರು ತಪ್ಪಿಸಬೇಡಿ. ನನಗೆ ಇದೇ ಇಷ್ಟ: ಕೆಳಗೆ ಕೊಳೆತ ಬೇರಿದೆಯೋ, ಒಡೆದ ಪೈಪಿದೆಯೋ ಕಣ್ಣಾರೆ ಕಾಣುತ್ತದೆ.