ಥ್ರಾಟಲ್ ಸೆನ್ಸರ್ ಕೈಕೊಟ್ಟಾಗ: ಸ್ಕ್ಯಾನರ್ ಬೇಕಾ, ಮಲ್ಟಿಮೀಟರ್ ಸಾಕಾ?

ಆಕ್ಸಿಲರೇಟರ್ ಒತ್ತಿದರೆ ಕಾರು ಜರ್ಕ್ ಹೊಡೆಯುತ್ತದೆ, ಸಿಗ್ನಲ್‌ನಲ್ಲಿ ನಿಂತರೆ ಐಡ್ಲಿಂಗ್ ಏರಿಳಿಯುತ್ತದೆ. ಥ್ರಾಟಲ್ ಪೊಸಿಷನ್ ಸೆನ್ಸರ್ (ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಪ್ಲೇಟ್ ಎಷ್ಟು ತೆರೆದಿದೆ ಎಂದು ತಿಳಿಸುವ ಸೆನ್ಸರ್) ಮೇಲೆ ಅನುಮಾನ ಬರುತ್ತೆ ಅಲ್ವಾ? ನೋಡುವುದು ಯಾವುದರಿಂದ?

ಬ್ಲೂಟೂತ್ ಓಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ಗುರುತಿಸಿದ ದೋಷ ಓದುವ ಸಾಧನ) ಸುಲಭ. ಸ್ಟೀರಿಂಗ್ ಕೆಳಗಿನ ಪೋರ್ಟಿಗೆ ಚುಚ್ಚಿದರೆ ದೋಷದ ಕೋಡ್ ಮೊಬೈಲಿಗೆ ಬರುತ್ತದೆ. ಪಿ0122 ಅಂದರೆ ಈ ಸೆನ್ಸರ್‌ನ ಸಿಗ್ನಲ್ ವೋಲ್ಟೇಜ್ ಕಡಿಮೆ, ಪಿ0123 ಅಂದರೆ ಜಾಸ್ತಿ. ಆದರೆ ಕೋಡ್ ಬಂತು ಅಂತ ಸುಮ್ನೆ ಸೆನ್ಸರ್ ಬದಲಿಸಬೇಡಿ. ತುಂಡಾದ ವೈರು, ತುಕ್ಕು ಹಿಡಿದ ಕನೆಕ್ಟರ್‌ನಿಂದಲೂ ಅದೇ ಕೋಡ್ ಬರಬಹುದು.

ಅಲ್ಲಿ ಕೆಲಸಕ್ಕೆ ಬರುವುದು ಮಲ್ಟಿಮೀಟರ್. ಕೇಬಲ್ ಥ್ರಾಟಲ್ (ಪೆಡಲ್ ಕೇಬಲ್‌ನಿಂದ ಪ್ಲೇಟ್ ಎಳೆಯುವಂಥದ್ದು) ಇರುವ ಹಳೆ ಕಾರಿಗೆ ನನ್ನ ಆಯ್ಕೆ ಇದೇ. ಸಾಮಾನ್ಯವಾಗಿ ಮೂರು ವೈರು: 5 ವೋಲ್ಟ್, ಅರ್ತ್, ಸಿಗ್ನಲ್. ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಬೇಡ. ಮೀಟರ್‌ನ ಕೆಂಪು ಪ್ರೋಬ್ ಸಿಗ್ನಲ್ ವೈರಿಗೆ, ಕಪ್ಪು ಪ್ರೋಬ್ ಅರ್ತ್‌ಗೆ ತಾಗಿಸಿ ಥ್ರಾಟಲ್ ನಿಧಾನವಾಗಿ ತೆರೆಯಿರಿ. ಸುಮಾರು 0.5ರಿಂದ 4.5 ವೋಲ್ಟ್‌ವರೆಗೆ ಒಂದೇ ಸಮ ಏರಬೇಕು. 1.1, 1.2, 1.3 ಅಂತ ಹೋಗುತ್ತಿದ್ದದ್ದು ತಟ್ಟನೆ 0.2ಕ್ಕೆ ಬಿದ್ದು ಮತ್ತೆ 1.5ಕ್ಕೆ ಹಾರಿತೇ? ಸೆನ್ಸರ್ ಒಳಗಿನ ಟ್ರ್ಯಾಕ್ (ಸಂಪರ್ಕದ ಪಟ್ಟಿ) ಸವೆದಿರುವ ಸಾಧ್ಯತೆ ಹೆಚ್ಚು. ಮುಳ್ಳಿನ ಮೀಟರ್‌ನಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಅಗ್ಗದ ಸ್ಕ್ಯಾನರ್‌ನ ರೀಡಿಂಗ್ ನಿಧಾನ, ಕಾಣದೇ ಹೋಗಬಹುದು. 5 ವೋಲ್ಟೇ ಬರುತ್ತಿಲ್ಲವಾದರೆ ಮೊದಲು ವೈರಿಂಗ್ ನೋಡಿ.

ಎಲೆಕ್ಟ್ರಾನಿಕ್ ಥ್ರಾಟಲ್ (ಕೇಬಲ್ ಬದಲು ಮೋಟರ್‌ನಿಂದ ಪ್ಲೇಟ್ ತಿರುಗುವಂಥದ್ದು) ಇರುವ ಹೊಸ ಕಾರಾದರೆ ಸ್ಕ್ಯಾನರ್ ತಗೊಳ್ಳಿ. ಅದರಲ್ಲಿ ಎರಡು ಸೆನ್ಸರ್ ಇರುತ್ತವೆ, ಎರಡರ ಲೆಕ್ಕವೂ ತಾಳೆಯಾಗಬೇಕು. ಇಗ್ನಿಷನ್ ಆನ್ ಇರುವಾಗ ಥ್ರಾಟಲ್ ಒಳಗೆ ಬೆರಳು ಹಾಕಲೇಬೇಡಿ, ಮೋಟರ್ ಪ್ಲೇಟನ್ನು ತಟ್ಟನೆ ಮುಚ್ಚಿಬಿಡಬಹುದು.